ರುಚಿ ನೋಡದೆ ಮಾಡಿದ ಬುಲ್ಗೋಗಿ

ನಾವಿರುವ ಸೌತ್ ಬಿ ಬಡಾವಣೆಯ ಮಾಂಸದಂಗಡಿಯವನು ನನ್ನ ಹಣೆಯ ಕುಂಕುಮವನ್ನೊಮ್ಮೆ, ಕೈಯಲ್ಲಿದ್ದ ಬಟ್ಟೆಯ ಚೀಲವನ್ನೊಮ್ಮೆ ನೋಡಿ, ತರಕಾರಿ ಅಂಗಡಿ ಪಕ್ಕದ್ದು ಎಂದು ಕೈ ತೋರಿಸಿದ. ತಪ್ಪು ಅವನದಲ್ಲ. ಹನ್ನೊಂದು ವರ್ಷ ಅದೇ ರಸ್ತೆಯಲ್ಲಿ ಓಡಾಡಿದವಳು ನಾನು. ಅವನ ಅಂಗಡಿ ಬಂದಾಗಲೆಲ್ಲ ದುಪಟ್ಟವನ್ನು ಮೂಗಿಗೊತ್ತಿಕೊಂಡು ದಾಟಿದವಳು. ಅವತ್ತು ದಾಟದೆ ನಿಂತೆ. ದನದ ಮಾಂಸ ಬೇಕು, ಮೂಳೆ ಬೇಡ ಎಂದು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದ ಸ್ವಾಹಿಲಿಯಲ್ಲಿ ಹೇಳಿದೆ. ಬೇಯಿಸಲಿಕ್ಕೋ ಹುರಿಯಲಿಕ್ಕೋ ಎಂದು ಕೇಳಿದ. ಅದಕ್ಕೆ ಉತ್ತರ ಬಾಯಿಪಾಠ ಮಾಡಿರಲಿಲ್ಲ. ಮಗಳಿಗೆ, ಎಂದೆ. ಅವನು ನಕ್ಕು, ಕೊಕ್ಕೆಯಿಂದ ಯಾವುದೋ ಒಂದು ತುಂಡನ್ನು ಇಳಿಸಿದ.

ಮಗಳಿಗೆ ಆಗ ಹದಿನೇಳು. ಊಟ ಬಿಟ್ಟು ಹತ್ತಿರ ಹತ್ತಿರ ಒಂದು ವರ್ಷವಾಗುತ್ತ ಬಂದಿತ್ತು. ಬಿಟ್ಟಳು ಎಂದರೆ ಒಂದೇ ದಿನಕ್ಕೆ ಬಿಟ್ಟದ್ದಲ್ಲ. ಮೊದಲು ಸಂಜೆಯ ತಿಂಡಿ ಹೋಯಿತು, ಆಮೇಲೆ ಬೆಳಗಿನ ದೋಸೆ, ಆಮೇಲೆ ಶಾಲೆಗೆ ಕಟ್ಟಿದ ಡಬ್ಬಿ ಹೋದ ಹಾಗೇ ವಾಪಸ್ಸು ಬರತೊಡಗಿತು. ಪರೀಕ್ಷೆಯ ಚಿಂತೆ ಎಂದುಕೊಂಡೆವು. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ತೆಳ್ಳಗಾಗುವ ಹುಚ್ಚು ಎಂದೂ ಅಂದುಕೊಂಡೆವು. ಕೈಯ ಬಳೆ ಮೊಣಕೈವರೆಗೂ ಜಾರುವುದನ್ನು ನೋಡಿದ ದಿನ ಏನೂ ಅಂದುಕೊಳ್ಳಲಾಗಲಿಲ್ಲ. ನಮ್ಮ ಮನೆಯವರು ಔಷಧಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಯಂತ್ರ ಕೆಟ್ಟರೆ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವವರು. ಮಗಳ ಎದುರು ಕೂತಾಗ ಮಾತ್ರ ಸುಮ್ಮನೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನನ್ನನ್ನು ಸಾಕಿದ್ದು ಮೈಸೂರಿನಲ್ಲಿ ನಮ್ಮಜ್ಜಿ. ಮಾತು ಕಲಿಸಿದ್ದೂ ಅವರೇ, ಅಡುಗೆ ಕಲಿಸಿದ್ದೂ ಅವರೇ. ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಎನ್ನುತ್ತಿದ್ದರು. ಹಸಿದವರ ಬಗ್ಗೆ ಅವರ ಬಳಿ ಇಂಥ ಮಾತು ಎಷ್ಟು ಬೇಕಾದರೂ ಇದ್ದವು. ಹಸಿವೇ ಆಗದವರ ಬಗ್ಗೆ ಒಂದೂ ಇರಲಿಲ್ಲ. ಆ ವರ್ಷವೆಲ್ಲ ತಲೆಯೊಳಗೆ ಹುಡುಕಿದ್ದೇನೆ, ಸಿಕ್ಕಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಇದು ಹಟವಲ್ಲ, ಕಾಯಿಲೆ ಎಂದು ನಮಗೆ ನಾಲ್ಕು ಸಲ ಹೇಳಿದರು. ಬಲವಂತ ಮಾಡಬೇಡಿ, ತಾನಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದರೆ ಅದು ಏನೇ ಆಗಿರಲಿ ಇಲ್ಲ ಅನ್ನಬೇಡಿ ಎಂದರು. ಕಾರಿನಲ್ಲಿ ವಾಪಸ್ಸು ಬರುವಾಗ, ಏನು ತಿನ್ನಬೇಕು ಅನ್ನಿಸುತ್ತದೆ ಎಂದು ನಾನು ಕೇಳಿದೆ. ಅವಳು ಕಿಟಕಿಯಾಚೆ ಸಾಲುಗಟ್ಟಿ ನಿಂತಿದ್ದ ಮಟಾಟು ವ್ಯಾನುಗಳನ್ನು ನೋಡುತ್ತ ಕೂತಳು. ಆಮೇಲೆ, ಬುಲ್ಗೋಗಿ, ಎಂದಳು.

ಅದೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ನನ್ನ ಸಂಕಟ. ಶಾಲೆಯಲ್ಲಿ ಅವಳಿಗೊಬ್ಬಳು ಕೊರಿಯಾದ ಗೆಳತಿಯಿದ್ದಳು. ಅವರ ಮನೆ ರಿವರ್‌ಸೈಡ್ ಬಡಾವಣೆಯಲ್ಲಿ. ಶನಿವಾರ ಬಂತೆಂದರೆ ಇವಳು ಅಲ್ಲೇ. ಒಂದು ಸಂಜೆ ಅವಳ ಸ್ವೆಟರನ್ನು ಒಗೆಯಲು ಎತ್ತಿಕೊಂಡಾಗ ಬೆಳ್ಳುಳ್ಳಿ, ಹೊಗೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಕೇಳಿದೆ. ಸುಳ್ಳು ಹೇಳುವ ಮಗುವಲ್ಲ ಅದು. ದನದ ಮಾಂಸವನ್ನು ಎಲೆಯ ಹಾಗೆ ತೆಳ್ಳಗೆ ಹೆಚ್ಚಿ, ಸೋಯಾ ಸಾಸು, ಬೆಳ್ಳುಳ್ಳಿ, ಹಣ್ಣಿನ ತುರಿಯಲ್ಲಿ ನೆನೆಸಿಟ್ಟು, ಊಟದ ಮೇಜಿನ ಮೇಲೇ ಸುಟ್ಟು, ಲೆಟ್ಯೂಸ್ ಎಲೆಯಲ್ಲಿ ಸುತ್ತಿ ಆ ತಾಯಿ ತನ್ನ ಕೈಯಾರೆ ಮಕ್ಕಳ ಬಾಯಿಗಿಡುತ್ತಾಳಂತೆ. ಎರಡು ವರ್ಷದಿಂದ ಇವಳೂ ತಿನ್ನುತ್ತಿದ್ದಾಳಂತೆ. ಖುಷಿಯಿಂದಲೇ ಹೇಳಿದಳು. ನಾನು, ಆ ಬಾಯಲ್ಲಿ ನನ್ನ ಪಾತ್ರೆಯದನ್ನು ತಿನ್ನಬೇಡ, ಎಂದೆ.

ಅಂದೆ. ಬರೆದು ನೋಡಿದರೂ ಅಷ್ಟೇ ಕೆಟ್ಟದಾಗಿ ಕಾಣುತ್ತದೆ. ಒಂದು ಮಾತಿನಿಂದ ಯಾರಿಗೂ ಈ ಕಾಯಿಲೆ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆ ಗೆಳತಿಯ ಮನೆಯವರಿಗೆ ಅದೇ ವರ್ಷ ವರ್ಗವಾಗಿ ಹೋಯಿತು, ಅದೂ ಒಂದು ಕಾರಣವಿರಬಹುದು ಎಂದೂ ಹೇಳಿದ್ದಾರೆ. ಓದಿದವರು ಹೇಳಿದ ಮೇಲೆ ಇರಬೇಕು. ಆದರೆ ಅವರು ನನ್ನ ದನಿಯನ್ನು ಕೇಳಿಸಿಕೊಂಡಿಲ್ಲ.

ಹಾಗಾಗಿ ಮಾಂಸ ತಂದೆ. ಹೊಸ ಬಾಣಲೆ, ಹೊಸ ಚಾಕು, ಹೊಸ ಮಣೆ ತಂದೆ. ನಮ್ಮ ಮನೆಯವರು ಅವನ್ನು ಒಂದೊಂದಾಗಿ ಎತ್ತಿ ನೋಡಿದರು. ಕೊನೆಗೆ, "ಬಾಲ್ಕನಿಯಲ್ಲಿ ಮಾಡು. ದೇವರ ಕಪಾಟಿನ ಬಾಗಿಲು ನಾನು ಹಾಕ್ತೀನಿ" ಎಂದರು. ಹಾಕಿ, ಅದರ ಮುಂದೆ ಒಂದು ಕುರ್ಚಿಯನ್ನೂ ಇಟ್ಟರು, ದೇವರು ಬಾಗಿಲು ತೆಗೆದು ನೋಡಿಬಿಟ್ಟಾನು ಎಂಬಂತೆ.

ಮನೆಗೆಲಸಕ್ಕೆ ಬರುತ್ತಿದ್ದಾಕೆ ನನಗಿಂತ ಹಿರಿಯಳು, ನಾಲ್ಕು ಮಕ್ಕಳನ್ನು ದಡ ಸೇರಿಸಿದವಳು. ಅವಳು ನನ್ನನ್ನು ಮಾಮಾ ಎನ್ನುವುದು. ಅವರ ಮಾತಿನಲ್ಲಿ ಅಮ್ಮ ಎಂದು. ನಾನು ಅವಳನ್ನು ದಾದಾ ಎನ್ನುವುದು, ಅಂದರೆ ಅಕ್ಕ. ಮಾಂಸವನ್ನು ಎರಡು ಬೆರಳಲ್ಲಿ ಹಿಡಿದುಕೊಂಡ ನನ್ನನ್ನು ನೋಡಿ ಅವಳು ನಗು ತಡೆಯಲಾರದೆ ಗೋಡೆಗೆ ಒರಗಿದಳು. ಆಮೇಲೆ ಚಾಕು ಕಸಿದುಕೊಂಡು, ತೆಳ್ಳಗೆ ಬರಬೇಕಾದರೆ ಅರ್ಧ ಹೆಪ್ಪುಗಟ್ಟಿದಾಗ ಹೆಚ್ಚಬೇಕು ಎಂದು ತೋರಿಸಿಕೊಟ್ಟಳು. ಜಿಕೋ ಎಂಬ ಇಲ್ಲಿಯ ಇದ್ದಿಲ ಒಲೆಯನ್ನು ಬಾಲ್ಕನಿಯಲ್ಲಿ ಹಚ್ಚಿದಳು. ಹೊಗೆ ಎದ್ದದ್ದೇ ತಡ, ಮೇಲಿನ ಮನೆಯ ಬೆಂಗಳೂರಿನ ಬ್ಯಾಂಕಿನವರ ಹೆಂಡತಿ ಬಗ್ಗಿದರು.

"ಏನ್ರೀ, ಇದ್ದಿಲಲ್ಲಿ ಬದನೆಕಾಯಿ ಸುಡ್ತಿದೀರಾ?"

"ಹೂಂ ರೀ, ಬದನೆಕಾಯಿ."

"ಗೊಜ್ಜಾ? ಒಂಚೂರು ಕಳಿಸ್ರೀ, ಬಾಯಿ ಕೆಟ್ಟೋಗಿದೆ."

ದಾದಾಳನ್ನು ಓಡಿಸಿ ಬದನೆಕಾಯಿ ತರಿಸಿ, ಸುಟ್ಟು, ಗೊಜ್ಜು ಮಾಡಿ ಕಳಿಸಬೇಕಾಯಿತು. ಅಲ್ಲಿಂದ ಮುಂದೆ ಎರಡು ತಿಂಗಳು ಅವರಿಗೆ ವಾರಕ್ಕೊಂದು ಗೊಜ್ಜು ಹೋಗಿದೆ.

ಮೊದಲನೆಯ ಸಲ ಕೆಟ್ಟದ್ದು ಎಣ್ಣೆಯಿಂದ. ಫೋನಿನಲ್ಲಿ ನೋಡಿ ಬರೆದುಕೊಂಡ ಕ್ರಮದಲ್ಲಿ ಎಳ್ಳೆಣ್ಣೆ ಎಂದಿತ್ತು. ಎಳ್ಳೆಣ್ಣೆ ನಮ್ಮಲ್ಲಿಲ್ಲವೇ? ಮೈಸೂರಿನಿಂದ ತಂದ ಬಾಟಲಿಯಿತ್ತು, ಶನಿವಾರದ ದೀಪಕ್ಕೆ, ಹಬ್ಬದ ಅಭ್ಯಂಜನಕ್ಕೆ. ಧಾರಾಳವಾಗಿ ಸುರಿದೆ. ತಟ್ಟೆ ಮುಂದಿಟ್ಟಾಗ ಮಗಳು ಮೂಸಿ, "ಅಮ್ಮಾ, ದಿಸ್ ಈಸ್ ದೀಪಾವಳಿ ಸ್ಮೆಲ್" ಎಂದಳು. ಕೊರಿಯಾದವರದು ಹುರಿದ ಎಳ್ಳಿನ ಎಣ್ಣೆಯಂತೆ, ಅದೇ ಬೇರೆಯಂತೆ. ಹೇಳುತ್ತ ಹೇಳುತ್ತ ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ. ತಿನ್ನಲಿಲ್ಲ. ಆದರೂ ಅವತ್ತು ನಾನು ಬಾಣಲೆ ತಿಕ್ಕಿದ್ದು ಹಾಡು ಗುನುಗಿಕೊಂಡು.

ಎರಡನೆಯ ಸಲ ಸರಿಯಾದ ಎಣ್ಣೆ ಹುಡುಕಿ ತಂದೆ, ಉಪ್ಪಿನಲ್ಲಿ ಕೆಟ್ಟಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಜ್ಜಿಯ ಅಡುಗೆಮನೆಯಲ್ಲಿ ಬೇಯುತ್ತಿರುವುದನ್ನು ರುಚಿ ನೋಡುವ ಹಾಗಿರಲಿಲ್ಲ. ದೇವರಿಗೆ ತೋರಿಸುವ ಮೊದಲು ನಾಲಿಗೆಗೆ ಮುಟ್ಟಿಸಿದರೆ ಎಂಜಲು. ಉಪ್ಪು ಸಾಲದೋ ಹೆಚ್ಚೋ ಎನ್ನುವುದನ್ನು ಕುದಿಯುವ ಸಾರಿನ ಮೇಲೆ ಮುಖ ಬಗ್ಗಿಸಿ ಮೂಗಿನಿಂದಲೇ ತಿಳಿಯಬೇಕು. ಎಂಟನೆಯ ವಯಸ್ಸಿಗೆ ಕಲಿತದ್ದು. ಇವತ್ತಿನವರೆಗೂ ಸಾರಿನಲ್ಲಿ ನನ್ನ ಮೂಗು ತಪ್ಪಿಲ್ಲ. ದನದ ಮಾಂಸದ ಮೇಲೆ ಬಗ್ಗಿದರೆ ಮೂಗು ಏನು ಹೇಳೀತು? ಅದಕ್ಕೆ ಗೊತ್ತಿದ್ದದ್ದು ಮುಚ್ಚಿಕೊಳ್ಳುವುದೊಂದೇ. ಸೋಯಾ ಸಾಸಿನಲ್ಲೇ ಬೇಕಾದಷ್ಟು ಉಪ್ಪಿದೆ ಎನ್ನುವುದು ತಿಳಿಯದೆ ಕೈಯಳತೆಯಲ್ಲಿ ಮೇಲೆ ಇನ್ನೊಂದಿಷ್ಟು ಹಾಕಿದ್ದೆ. ಮಗಳು ಬಾಯಿಗಿಟ್ಟವಳೇ ಒಂದು ಲೋಟ ನೀರು ಕುಡಿದಳು. ಆದರೆ ಬಾಯಿಗಿಟ್ಟಳಲ್ಲ. ಎರಡು ಚೂರು.

ಮೂರನೆಯ ವಾರದಿಂದ ರುಚಿ ನೋಡುವ ಕೆಲಸ ದಾದಾಳದಾಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನನ್ನನ್ನು ಬೇಕೆಂದೇ ಕಾಯಿಸಿ, "ಸವಾ, ಮಾಮಾ" ಎನ್ನುತ್ತಿದ್ದಳು. ಸರಿಯಿದೆ ಎಂದು. ಆ ಒಂದು ಮಾತಿಗೆ ನಾನು ಪರೀಕ್ಷೆ ಬರೆದವಳ ಹಾಗೆ ಸೆರಗು ಹಿಡಿದು ನಿಲ್ಲುತ್ತಿದ್ದೆ. ಆ ವಾರ ಮಗಳು ನಾಲ್ಕು ಚೂರು ತಿಂದಳು. ಮುಂದಿನ ವಾರ ಏಳು, ಎಲೆಯಲ್ಲಿ ಸುತ್ತಿಕೊಂಡು. ಮನೆಯವರು ಬಾಗಿಲ ಹಿಂದೆ ನಿಂತು ನೋಡಿ, ಅಡುಗೆಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತರು. ಆಗ ನನಗನ್ನಿಸಿತು: ನನ್ನ ಕುಲವೆಲ್ಲ ಕೆಟ್ಟರೂ ಕೆಡಲಿ, ಈ ಮಗು ಉಳಿಯಿತು.

ಆ ಮುಂದಿನ ವಾರ ಮತ್ತೆ ನಾಲ್ಕು. ಆಮೇಲೆ ಎರಡು. ಆಮೇಲೆ ಎಲೆ ಮಾತ್ರ. ಹಣ್ಣು ಬದಲಾಯಿಸಿದೆ, ಸೇಬಿನ ಬದಲು ಪೇರ್. ಸಕ್ಕರೆ ಬಿಟ್ಟು ಬೆಲ್ಲ ಹಾಕಿದೆ. ಮಾಂಸದಂಗಡಿಯವನು ಈಗ ನನ್ನನ್ನು ಕಂಡರೆ ಕೇಳುವ ಮೊದಲೇ ಒಳ್ಳೆಯ ತುಂಡು ತೆಗೆದಿಡುತ್ತಿದ್ದ. ಮಗಳ ಕೆನ್ನೆ ಮಾತ್ರ ಒಳಗೇ ಹೋಗುತ್ತಿತ್ತು.

ಕೊನೆಯ ಸಲ ಮಾಡಿದ್ದು ಒಂದು ಭಾನುವಾರದ ಮಧ್ಯಾಹ್ನ. ಭಾನುವಾರ ದಾದಾ ಚರ್ಚಿಗೆ ಹೋಗುತ್ತಾಳೆ. ಮಗಳು ಶುಕ್ರವಾರದಿಂದ ನೀರಿನ ಹೊರತು ಏನೂ ಮುಟ್ಟಿರಲಿಲ್ಲ. ಸೋಮವಾರ ಆಸ್ಪತ್ರೆಗೆ ಸೇರಿಸುವ ಮಾತಾಗಿತ್ತು. ತಟ್ಟೆ ಮುಂದಿಟ್ಟೆ. ಅವಳು ಅದನ್ನೇ ನೋಡುತ್ತ ಕೇಳಿದಳು: "ಟೇಸ್ಟ್ ಮಾಡಿದ್ಯಾ?"

ದಾದಾ ಇಲ್ಲವಲ್ಲ, ಎಂದೆ.

ನೀನು, ಎಂದಳು. ನಾನು ತಟ್ಟೆಯನ್ನು ಇನ್ನಷ್ಟು ಅವಳತ್ತ ಸರಿಸಿದೆ. ಅವಳಿಗೆ ಕೋಪವಿರಲಿಲ್ಲ. ನೀನೇ ಬಾಯಿಗಿಡಲಾರದ್ದನ್ನು ನನಗೆ ತಿನ್ನು ಅಂತೀಯಲ್ಲ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು. ಆಮೇಲೆ ಒಂದು ಚೂರನ್ನು ಎತ್ತಿ ನನ್ನ ಕಡೆ ಚಾಚಿದಳು. "ನೀನು ಒಂದು ತಿನ್ನು. ನಾನು ಹತ್ತು ತಿಂತೀನಿ. ಪ್ರಾಮಿಸ್."

ಹತ್ತು. ನನ್ನ ಕಿವಿಗೆ ಬಿದ್ದದ್ದು ಅದೊಂದೇ. ಅಜ್ಜಿ, ದೇವರು, ಯಾರೂ ನೆನಪಾಗಲಿಲ್ಲ. ಬಾಯಿ ತೆರೆದೆ.

ಅಸಹ್ಯವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಸಿಹಿ, ಆಮೇಲೆ ಬೆಳ್ಳುಳ್ಳಿ, ಎಳ್ಳು. ಉಪ್ಪು ಹದವಾಗಿತ್ತು. ಅಗಿದೆ. ಇನ್ನೇನು ನುಂಗಬೇಕು, ಗಂಟಲು ಮುಚ್ಚಿಕೊಂಡಿತು. ನಾನು ಮುಚ್ಚಿದ್ದಲ್ಲ. ನನ್ನದೇ ಗಂಟಲು, ನನ್ನ ಮಾತು ಕೇಳಲಿಲ್ಲ. ಹತ್ತು, ಹತ್ತು ಎಂದು ಒಳಗೊಳಗೇ ಹೇಳಿಕೊಳ್ಳುತ್ತ ಮೇಜಿನ ಅಂಚನ್ನು ಹಿಡಿದುಕೊಂಡೆ. ಕಣ್ಣಲ್ಲಿ ನೀರು ಬಂತು. ಮಗಳ ಜೀವ ಅಲ್ಲಿ ಕೂತಿದೆ, ಮಧ್ಯೆ ಇರುವುದು ಬೆರಳಗಲದ ಒಂದು ತುಣುಕು, ಅದು ಇಳಿಯಲೊಲ್ಲದು. ಎದ್ದು ಓಡಿದೆ. ಸಿಂಕಿಗೆ ಉಗಿದು, ಅಲ್ಲೇ ಬಗ್ಗಿ ನಿಂತೆ.

ಬೆನ್ನ ಮೇಲೆ ಅವಳ ಕೈ ಬಿತ್ತು. ಬಟ್ಟೆಯ ಮೇಲಿಂದಲೂ ಮೂಳೆ ತಿಳಿಯುವಂಥ ಕೈ. ಚಿಕ್ಕಂದಿನಲ್ಲಿ ಅವಳಿಗೆ ವಾಂತಿಯಾದರೆ ನಾನು ಸವರುತ್ತಿದ್ದ ಹಾಗೆಯೇ ಸವರಿದಳು.

"ನಂಗೆ ಎಲ್ಲಾನೂ ಹೀಗೇ ಅಮ್ಮ," ಎಂದಳು. "ಅನ್ನಾನೂ. ನಿನ್ ಸಾರೂ. ಐ ಟ್ರೈ. ಹೋಗಲ್ಲ."

ನಾನು ತಿರುಗಲಿಲ್ಲ. ನಲ್ಲಿ ಬಿಟ್ಟುಕೊಂಡು, ಬೇಕಿಲ್ಲದಿದ್ದರೂ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದೆ. ಒಂದು ವರ್ಷ ಅವಳ ಎದುರು ಕೂತು ಬೇಡಿಕೊಂಡದ್ದು, ಬೈದದ್ದು, ಆಣೆ ಹಾಕಿದ್ದು, ಒಂದೇ ತುತ್ತು ಕಣೇ, ನುಂಗಿಬಿಟ್ಟರೆ ಮುಗೀತು ಎಂದದ್ದು, ದಿನಕ್ಕೆ ಮೂರು ಸಲದಂತೆ. ನನ್ನ ಕೈಲಿ ಒಂದು ಚೂರು ಆಗಲಿಲ್ಲ.

ಅವಳು ಹೋಗಿ ತಟ್ಟೆಯ ಮುಂದೆ ಕೂತಳು. ನಾನು ಸೋತಿದ್ದರೂ ತನ್ನ ಮಾತು ನಡೆಸಿಕೊಡುವವಳ ಹಾಗೆ ಒಂದು ಚೂರು ತೆಗೆದುಕೊಂಡಳು. ಬಾಯೊಳಗೆ ಅದು ಎಷ್ಟೋ ಹೊತ್ತು ಇತ್ತು. ಕತ್ತಿನ ನರ ಎದ್ದು ನಿಂತದ್ದು ಕಾಣುತ್ತಿತ್ತು. ಇಳಿಯಿತು. ಎರಡನೆಯದಕ್ಕೆ ಚಾಚಿದ ಕೈಯನ್ನು ಹಾಗೇ ತಡೆದು ನನ್ನ ಮುಖ ನೋಡಿದಳು. ಸಾಕು ಬಿಡು, ಎಂದೆ. ಆ ವರ್ಷದಲ್ಲಿ ಅದೇ ಮೊದಲ ಸಲ ಆ ಮಾತು ನನ್ನ ಬಾಯಲ್ಲಿ ಬಂದದ್ದು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮುಖದ ಬಿಗಿಯೆಲ್ಲ ಸಡಿಲಾಯಿತು. ನನ್ನ ಅಡುಗೆಯನ್ನು ತಿಂದಾಗ ಎಂದೂ ಕಾಣದ ನೆಮ್ಮದಿ, ತಿನ್ನಬೇಡ ಎಂದಾಗ ಆ ಮುಖದಲ್ಲಿ ಕಂಡಿತು. ಅದನ್ನು ನೋಡಿ ನನಗೆ ಭಯವಾಯಿತು.

ಸೋಮವಾರ ಸೇರಿಸಿದೆವು. ಆರು ವಾರ ಇಟ್ಟುಕೊಂಡು ಕಳಿಸಿದರು. ಈಗ ಮತ್ತೆ ಸೇರಿಸಿದ್ದೇವೆ. ಮೂಗಿನ ಮೂಲಕ ಸಣ್ಣ ನಳಿಕೆಯಲ್ಲಿ ಬಿಳಿಯ ದ್ರವವೊಂದನ್ನು ಇಳಿಸುತ್ತಾರೆ. ಅದಕ್ಕೆ ಗಂಟಲಿನ ಒಪ್ಪಿಗೆ ಬೇಕಿಲ್ಲ. ಊಟದ ಹೊತ್ತಿಗೆ ಅಲ್ಲಿಯ ನರ್ಸಮ್ಮ ಒಂದು ತಟ್ಟೆಯನ್ನೂ ತಂದಿಟ್ಟು, ನೀವು ತಾಯಿ, ನೀವು ಹೇಳಿದರೆ ತಿಂದಾಳು, ಒಂದು ತುತ್ತು ತಿನ್ನು ಅನ್ನಿ ಎನ್ನುತ್ತಾರೆ. ನಾನು ಮಗಳ ಕೈ ಹಿಡಿದುಕೊಂಡು ಕೂರುತ್ತೇನೆ. ಅವಳು ನನ್ನ ಬಾಯನ್ನೇ ನೋಡುತ್ತಿರುತ್ತಾಳೆ, ಏನು ಹೇಳುತ್ತೇನೋ ಎಂದು. ತಟ್ಟೆ ತಣ್ಣಗಾಗುತ್ತದೆ. ನಾನು ಹೇಳುವುದಿಲ್ಲ.