ಅತ್ತಿಗೆ ಒರೆಸಿದ ಟೇಬಲ್ಲು

ಆಡೋಕೆ ಬರುವವರೆಲ್ಲ ಅವನನ್ನು ಬ್ರಷ್ಷಣ್ಣ ಎಂದೇ ಕರೆಯುತ್ತಿದ್ದರು. ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಪೂಲ್ ಟೇಬಲ್ಲು, ಗೋಡೆಯುದ್ದಕ್ಕೂ ಒಂದು ಬೆಂಚು, ಕೋಲುಗಳನ್ನು ನಿಲ್ಲಿಸುವ ಸ್ಟ್ಯಾಂಡು. ಅಣ್ಣ ತಮ್ಮ ಸೇರಿ ನಡೆಸುತ್ತಿದ್ದ ಜಾಗ. ಅಣ್ಣ ಆಡುವವನು, ಹರಟುವವನು, ಮುನಿಸಿಕೊಂಡು ಹೊರಟ ಗಿರಾಕಿಯನ್ನೂ ಮೆಟ್ಟಿಲಿನಿಂದ ವಾಪಸು ಕರೆತರುವವನು. ತಮ್ಮ ಒರೆಸುವವನು, ಬ್ರಷ್ಷಣ್ಣ ಅಂದರೆ ಅವನೇ. ಕೈಯಲ್ಲಿ ಬ್ರಷ್ಷಿಲ್ಲದೆ ಅವನನ್ನು ನೋಡಿದವರೇ ಕಡಿಮೆ.

ಇಬ್ಬರ ನಡುವೆ ಇದ್ದ ಜಗಳ ಒಂದೇ: ಚಾಕ್. ಕೋಲಿನ ತುದಿ ಜಾರದಿರಲಿ ಎಂದು ತಿಕ್ಕುವ ಆ ನೀಲಿ ಚಾಕನ್ನು ಅಣ್ಣ ಟೇಬಲ್ಲಿನ ಮೇಲೆಯೇ ಹಿಡಿದು ತಿಕ್ಕುತ್ತಿದ್ದ. ತಿಕ್ಕಿ ಆದಮೇಲೆ ಹಸಿರು ಬಟ್ಟೆಯ ಮೇಲೆಯೇ ಬೋರಲು ಹಾಕುತ್ತಿದ್ದ.

"ಮಗುಚಿ ಇಡಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ?"

"ಇಡದಿದ್ರೆ ನಿನಗೇನೋ ಕೆಲಸ? ಬೇಜಾರಾಗಿ ಸತ್ತೇ ಹೋಗ್ತೀಯ."

ತಮ್ಮ ಹಾರಾಡುತ್ತಿದ್ದ, ಅಣ್ಣ ನಗುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ತಮ್ಮನಿಗೆ ಮದುವೆ ಕೂಡಿಬರಲಿಲ್ಲ. ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಅತ್ತಿಗೆ ಬಡಿಸಿದ್ದನ್ನು ಮಾತಿಲ್ಲದೆ ಉಣ್ಣುತ್ತಿದ್ದ. ಅಣ್ಣತಮ್ಮಂದಿರು ಚಾಕ್ ಬಿಟ್ಟು ಬೇರೆ ವಿಷಯ ಮಾತಾಡಿದ್ದು ಅಷ್ಟಕ್ಕಷ್ಟೇ.

ಒಂದು ಬೆಳಿಗ್ಗೆ ಅಣ್ಣ ಶೂ ಲೇಸು ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ.

ಓಡಾಟವೆಲ್ಲ ತಮ್ಮನದೇ ಆಯಿತು. ಆಂಬುಲೆನ್ಸಿಗೆ ಫೋನು ಮಾಡಿದ, ಆಸ್ಪತ್ರೆಯಲ್ಲಿ ಸಹಿ ಹಾಕಿದ, ಹೆಗಲು ಕೊಟ್ಟ, ಬಂದವರಿಗೆ ಕುರ್ಚಿ ಹಾಕಿಸಿದ. ಕಣ್ಣಲ್ಲಿ ಮಾತ್ರ ಹನಿ ನೀರು ಬರಲಿಲ್ಲ. ಬಂದೇ ಬರುತ್ತದೆ ಅಂದುಕೊಂಡ. ಬಸ್ಸಿಗೆ ಕಾಯುವವನ ಹಾಗೆ ಕಾದ. ನೆಂಟರು ಅವನ ಬೆನ್ನ ಹಿಂದೆ "ಕಲ್ಲು ಕಣ್ರೀ, ಕಲ್ಲು" ಅಂದದ್ದು ಕಿವಿಗೆ ಬಿತ್ತು. ಅದನ್ನೂ ಬೇರೆ ಯಾರನ್ನೋ ಕುರಿತ ಮಾತೆನ್ನುವ ಹಾಗೆ ಕೇಳಿಸಿಕೊಂಡ.

ಎಲ್ಲ ಮುಗಿದ ಮಾರನೆಯ ದಿನವೇ ಹೋಗಿ ಬಾಗಿಲು ತೆಗೆದ. ಇನ್ನೇನು ಮಾಡಬೇಕೆಂದು ತೋಚಲಿಲ್ಲ. ಮೂರೂ ಟೇಬಲ್ಲಿಗೆ ಬ್ರಷ್ ಹೊಡೆದ. ಬಂದವರು ದನಿ ತಗ್ಗಿಸಿ ಆಡಿದರು, ಅವನನ್ನು ಕಂಡರೆ ಚೆಂಡನ್ನೂ ಮೆಲ್ಲಗೆ ಹೊಡೆಯುತ್ತಿದ್ದರು.

ಕೆಲವು ದಿನ ಕಳೆದಮೇಲೆ ಅತ್ತಿಗೆ ಮೆಟ್ಟಿಲು ಹತ್ತಿ ಬಂದಳು. ಅಷ್ಟು ವರ್ಷದಲ್ಲಿ ಅವಳು ಆ ಮಹಡಿಗೆ ಕಾಲಿಟ್ಟದ್ದೇ ಅಪರೂಪ.

"ಮನೇಲಿ ಗೋಡೆ ನೋಡ್ಕೊಂಡು ಕೂತು ಸಾಕಾಯ್ತು ಕಣೋ. ಏನಾದ್ರೂ ಕೆಲಸ ಕೊಡು."

"ಕೋಲು ಒರೆಸ್ತೀರಾ ಅತ್ತಿಗೆ?"

"ಒರೆಸ್ತೀನಿ."

ಹಾಗೆ ದಿನಾ ಬರತೊಡಗಿದಳು. ಒಂದು ಮಧ್ಯಾಹ್ನ ಅವಳನ್ನು ಅಲ್ಲಿ ಬಿಟ್ಟು ಅವನು ಕೋಲಿಗೆ ಹಾಕುವ ಚರ್ಮದ ತುದಿ ತರಲು ಪೇಟೆಗೆ ಹೋದ. ವಾಪಸು ಬಂದಾಗ ಕಿಟಕಿ ಪಕ್ಕದ ಟೇಬಲ್ಲಿನ ಮುಂದೆ ಅತ್ತಿಗೆ ನಿಂತಿದ್ದಳು. ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡಿದ್ದಳು, ಕಾಲ ಬಳಿ ಬಕೆಟ್ಟು, ಕೈಯಲ್ಲಿ ನೆಲ ಉಜ್ಜುವ ಬ್ರಷ್ಷು. ಬಟ್ಟೆಯ ಮೇಲೆ ಸೋಪಿನ ನೊರೆ. ಅಲ್ಲೊಂದು ಇಲ್ಲೊಂದು ಇದ್ದ ನೀಲಿ ಚುಕ್ಕೆಗಳು ಕರಗಿ ಒಂದಾಗಿ ಅರ್ಧ ಟೇಬಲ್ಲಿಗೆ ಹರಡಿದ್ದವು. ನೀರು ಬಟ್ಟೆಯ ಅಡಿಯ ಕಲ್ಲು ಹಾಸಿನವರೆಗೂ ಇಳಿದಿತ್ತು, ಅಂಚಿನಲ್ಲಿ ಬಟ್ಟೆಯ ಅಂಟು ಬಿಟ್ಟುಕೊಂಡಿತ್ತು.

"ಕಲೆ ತೆಗೆಯೋಣ ಅಂತ ಶುರು ಮಾಡಿದೆ," ಅಂದಳು. "ಉಜ್ಜಿದಷ್ಟೂ ದೊಡ್ಡದಾಗ್ತಾ ಹೋಯ್ತು."

"ಪರವಾಗಿಲ್ಲ ಅತ್ತಿಗೆ."

ಅವಳು ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು. "ಪರವಾಗಿಲ್ವಾ? ನಿಮ್ಮಣ್ಣ ಚಿಟಿಕೆ ಪುಡಿ ಬೀಳಿಸಿದ್ರೆ ಸೂರು ಹಾರಿಹೋಗೋ ಹಾಗೆ ಕೂಗ್ತಿದ್ಯಂತೆ. ದಿನಾ ಮನೆಗೆ ಬಂದು ಹೇಳಿ ನಗೋರು. ನನಗೂ ಒಂದು ಮಾತು ಬೈಯಿ."

ಅವನು ನಿಜಕ್ಕೂ ಬಾಯಿ ತೆರೆದ. ಸಿಟ್ಟು ಎಲ್ಲಿದೆ ಎಂದು ಹುಡುಕಿದ. ಹಲ್ಲು ಕೀಳಿಸಿಕೊಂಡವನು ತನ್ನದೇ ತುಟಿ ಮುಟ್ಟಿ ನೋಡಿಕೊಂಡ ಹಾಗಿತ್ತು. ಬೆರಳಿಗೆ ಗೊತ್ತಾಗುತ್ತದೆ, ತುಟಿಗೆ ಗೊತ್ತಾಗುವುದಿಲ್ಲ.

"ಬರ್ತಿಲ್ಲ ಅತ್ತಿಗೆ."

"ಅಳು?"

"ಅದೂ ಇಲ್ಲ."

ಅತ್ತಿಗೆ ಬೆಂಚಿನ ಮೇಲೆ ಕೂತಳು. ಒದ್ದೆ ಕೈ ಮಡಿಲಲ್ಲಿಟ್ಟುಕೊಂಡಳು. "ನನಗೂ ಇಲ್ಲ," ಅಂದಳು. "ಬಂದವರೆಲ್ಲ ತಬ್ಕೊಂಡು ಅತ್ರು, ಅವರ ಜೊತೆ ನಾನೂ ಅತ್ತೆ. ಅವರು ಹೋದಮೇಲೆ ಒಂದು ತೊಟ್ಟಿಲ್ಲ. ಏನಾಗಿದೆಯೋ ನಮಗೆ?"

ಅವನು ಬಕೆಟ್ಟನ್ನು ಆಚೆ ಇಟ್ಟು ಬಂದ. ಆಮೇಲೆ ಅವಳನ್ನು ನಡುವಿನ ಟೇಬಲ್ಲಿಗೆ ಕರೆದು ಬ್ರಷ್ಷು ಕೈಗಿತ್ತು ಹೇಳಿಕೊಟ್ಟ. ಮೊದಲು ಒಣಗಿದ್ದಾಗಲೇ ಹೊಡೆಯಬೇಕು, ಒಂದೇ ದಿಕ್ಕಿಗೆ, ಈ ತುದಿಯಿಂದ ಆ ತುದಿಗೆ. ಸುತ್ತ ಸುತ್ತ ತಿರುಗಿಸಿದರೆ ಪುಡಿ ಇನ್ನೂ ಒಳಕ್ಕೆ ಕೂರುತ್ತದೆ. ಉಳಿದದ್ದಕ್ಕೆ ಅಂಟು ಟೇಪು ಒತ್ತಿ ಎತ್ತುವುದು. ಅದಕ್ಕೂ ಬಗ್ಗದಿದ್ದರೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒತ್ತಿ ಒತ್ತಿ ತೆಗೆಯುವುದು.

"ಉಜ್ಜೋ ಹಾಗಿಲ್ಲ?"

"ಉಜ್ಜೋ ಹಾಗೇ ಇಲ್ಲ."

"ಮಗು ತಲೆಗೆ ಪೆಟ್ಟಾದಾಗ ಒರೆಸ್ತೀವಲ್ಲ, ಹಾಗೆ," ಅಂದಳು. ಹೌದು, ಹಾಗೇ.

ಕಿಟಕಿ ಪಕ್ಕದ ಟೇಬಲ್ಲಿನ ಬಟ್ಟೆ ಒಣಗಿದಾಗ ಸುಕ್ಕುಗಟ್ಟಿತು, ಉಪಯೋಗಕ್ಕೆ ಬರಲಿಲ್ಲ. ಅದನ್ನು ಕಿತ್ತು ಹಾಕಿ, ಹೊಸದು ಹೊದಿಸುವವನಿಗೆ ಹೇಳಿ ಕಳಿಸಿದರು. ಅವನು ಬರುವವರೆಗೂ ಟೇಬಲ್ಲು ಬೂದು ಕಲ್ಲು ಬಿಟ್ಟುಕೊಂಡು ನಿಂತಿತ್ತು.

ಆ ದಿನಗಳಲ್ಲೇ ಬ್ರಷ್ಷಣ್ಣ ಕ್ಷೌರಕ್ಕೆ ಹೋದ. ಕ್ಷೌರಿಕ ಕಾಯಿಲೆ ಬಿದ್ದು ಬಹಳ ದಿನ ಅಂಗಡಿ ಮುಚ್ಚಿದ್ದವನು. ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಕತ್ತರಿ ಆಡಿಸುತ್ತ ಕೇಳಿದ, "ಅಣ್ಣಾವ್ರು ಈ ಕಡೆ ತಲೇನೇ ಹಾಕಿಲ್ವಲ್ಲ? ಕೂದಲು ಭುಜಕ್ಕೆ ಬಂದಿರಬೇಕು."

"ಸ್ವಲ್ಪ ಬಿಜಿ ಇದ್ದಾನೆ," ಅಂದುಬಿಟ್ಟ.

"ಭಾನುವಾರ ಬರೋಕೆ ಹೇಳಿ, ರಶ್ ಇರಲ್ಲ."

"ಹೇಳ್ತೀನಿ."

ಮಹಡಿಗೆ ಬಂದು ಅತ್ತಿಗೆಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಕೋಲು ಕೆಳಗಿಟ್ಟು ಅವನ ಮುಖ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. "ಬಿಜಿ ಅಂತೆ! ಎಷ್ಟು ಬಿಜಿ ಅಂತ ಹೇಳ್ಬೇಕಿತ್ತು!" ಆಡುತ್ತಿದ್ದವರು ತಿರುಗಿ ನೋಡಿದರು. ಅವನಿಗೂ ಅರ್ಧದವರೆಗೆ ನಗು ಬಂತು, ಅಲ್ಲಿಗೇ ನಿಂತಿತು.

ಮರುದಿನ ಅತ್ತಿಗೆಯೇ ಕ್ಷೌರಿಕನ ಬಳಿ ಹೋಗಿಬಂದಳು.

"ಹೇಳಿದ್ರಾ?"

"ಹೇಳಿದೆ. ಕತ್ತರಿ ಕೈಯಲ್ಲಿ ಹಿಡ್ಕೊಂಡೇ ಅತ್ತ, ಪಾಪ. ಕುರ್ಚಿ ಮೇಲಿದ್ದೋನು ಹೆದರಿ ಎದ್ದು ನಿಂತ."

"ನೀವು?"

"ನಾನು ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಿದೆ."

ಹೊಸ ಬಟ್ಟೆ ಹೊದಿಸಿದ ಮೇಲೆ ಟೇಬಲ್ಲುಗಳನ್ನೆಲ್ಲ ಅತ್ತಿಗೆಯೇ ನೋಡಿಕೊಳ್ಳತೊಡಗಿದಳು. ಅವನ ಕೈಗೆ ಕೆಲಸ ಕಡಿಮೆಯಾಯಿತು. ಮಧ್ಯಾಹ್ನ ಜೊತೆಗಾರರಿಲ್ಲದೆ ಯಾರಾದರೂ ಬಂದರೆ ಈಗ ಅವನೇ ಕೋಲು ಹಿಡಿಯುತ್ತಾನೆ. ಹುಟ್ಟಿದಾಗಿನಿಂದ ಆಡಿದವನಲ್ಲ, ಸೋಲುತ್ತಾನೆ. ಸೋತಮೇಲೆ ಬೇಜಾರಾಯಿತೇ ಎಂದು ಒಳಗೊಮ್ಮೆ ನೋಡಿಕೊಳ್ಳುತ್ತಾನೆ. ಇತ್ತೀಚೆಗೆ ಒಂದೆರಡು ಸಲ ಸ್ವಲ್ಪ ಆಗಿದೆ.