ಸಂಗವ್ವನ ಭಾನುವಾರದ ಇಂಗ್ಲಿಷ್ ಸಿನಿಮಾ

ಇಳಕಲ್ಲಿನ ನಮ್ಮ ಓಣಿಗೆ ಬಾಡಿಗೆಯ ವಿಡಿಯೋ ಬಂದ ವರ್ಷ ಎಲ್ಲರಿಗೂ ಹುಚ್ಚು ಹಿಡಿದಿತ್ತು. ಒಂದು ಟಿ.ವಿ.ಯ ಮುಂದೆ ಓಣಿಗೆ ಓಣಿಯೇ ಕೂತು ಹೊಡೆದಾಟ, ಕುಣಿತ ನೋಡುತ್ತಿತ್ತು. ಆಗಲೂ ನಮ್ಮ ಪಕ್ಕದ ಮನೆಯ ಸಂಗವ್ವ ಭಾನುವಾರ ಬೆಳಗಿನ ಆಟಕ್ಕೆ ಟಾಕೀಸಿಗೇ ಹೋಗುತ್ತಿದ್ದಳು. ಅದೂ ಕಪ್ಪು-ಬಿಳುಪಿನ ಹಳೆಯ ಇಂಗ್ಲಿಷ್ ಸಿನಿಮಾಕ್ಕೆ. ಹುಟ್ಟಿದ್ದು ಕಮತಗಿಯಲ್ಲಿ, ಕಲಿತದ್ದು ಮೂರನೆಯ ಇಯತ್ತೆ, ಇಂಗ್ಲಿಷಿನ ಒಂದಕ್ಷರ ಬಾರದು. ಮಂದಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಹಾಗೆ ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆ ಸಿನಿಮಾಗಳು ಅವಳ ಬಾಳಿನಲ್ಲಿ ಏನು ಮಾಡಿದವೆಂದು ನನಗೆ ಗೊತ್ತಿತ್ತು. ಕೆಲವು ಸಂಗತಿಗಳನ್ನು ನಾನೇ ಕಂಡಿದ್ದೆ, ಉಳಿದವನ್ನು ಅವಳೇ ಹೇಳಿದ್ದಳು.

ಎಪ್ಪತ್ತನಾಲ್ಕರಲ್ಲಿ ಅವಳು ನೇಕಾರ ಶಂಕ್ರಪ್ಪನನ್ನು ಮದುವೆಯಾಗಿ ನಮ್ಮ ಓಣಿಗೆ ಬಂದಳು. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಗಂಡನ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಹದಿನೈದರ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಮಾತು ಮೊದಲೇ ಕಲಿತದ್ದರಿಂದ ಉಳಿದುಕೊಂಡಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ತಾನಾಗಿ ಕಲಿತಳು. ಹೆಣ್ಣು ನೋಡಲು ಬಂದ ದಿನ ಅವಳ ತಾಯಿ ಪಕ್ಕದಲ್ಲೇ ಕೂತು, ಹೌದು ಅನ್ನಬೇಕಾದಾಗ ಸೆರಗಿನ ಮರೆಯಲ್ಲಿ ತೊಡೆ ಚಿವುಟಿದ್ದಳಂತೆ. ಕೇಳಿ ನಕ್ಕಿದ್ದೆ. ನಕ್ಕ ಮೇಲೆ ಸಂಕಟವಾಯಿತು. ಕಳಿಸುವಾಗ ತಾಯಿ ಹೇಳಿದ್ದು ಒಂದೇ ಮಾತು, ತಿಳಿದರೆ ಅಲ್ಲಿಗೆ ಮುಗಿಯಿತು ಎಂದು.

ನೇಕಾರರ ಮನೆ ಸಿಕ್ಕಿದ್ದು ಅವಳ ಪುಣ್ಯ. ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಎರಡು ಕುಣಿಮಗ್ಗ ಬೆಳಗಿನಿಂದ ಬೈಗಿನವರೆಗೆ ಖಟಕ್ ಖಟಕ್ ಎನ್ನುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳದು. ಎಲ್ಲರೂ ಕೈಸನ್ನೆಯಲ್ಲೇ ನೂಲು ಕೇಳುತ್ತಿದ್ದರು, ಕಣ್ಣಿನಲ್ಲೇ ಜಗಳವಾಡುತ್ತಿದ್ದರು. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹಾಗೆ ಕೂತರೆ ಹಿಂದಿನಿಂದ ಯಾರೂ ಕರೆಯುವಂತಿಲ್ಲ. ಎಂದಾದರೂ ಮಾತು ತಪ್ಪಿದರೆ ಆ ತಪ್ಪನ್ನು ಮಗ್ಗದ ಸಪ್ಪಳದ ಮೇಲೆ ಹಾಕುವುದಿತ್ತು.

ಆದರೆ ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಹೂಡುವುದಿಲ್ಲ. ಆ ದಿನ ಮನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಅಮಾವಾಸ್ಯೆ ಹತ್ತಿರ ಬಂದಂತೆ ಸಂಗವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಕೆಲಸ ಮಾಡುವಾಗ ಕ್ಷಣಕ್ಕೊಮ್ಮೆ ತಿರುಗಿ ನೋಡುವಳು, ಬಾಗಿಲಲ್ಲಿ ನೆರಳು ಬಿದ್ದರೆ ಎದ್ದು ನಿಲ್ಲುವಳು. ಅತ್ತೆ ಗುರುಲಿಂಗವ್ವ ಸಾಮಾನ್ಯ ಹೆಂಗಸಲ್ಲ. ಮೂರು ಮನೆ ಆಚೆ ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಆಕೆಗೆ ಕೇಳುತ್ತಿತ್ತು. ಅಂಥ ಕಿವಿಯ ಮುಂದೆ ಈ ಹುಡುಗಿ ಒಂದು ವರ್ಷ ಬಾಳಿದಳು.

ಶಂಕ್ರಪ್ಪ ಮದುವೆಗೆ ಮುಂಚೆ ಸೊಲ್ಲಾಪುರದ ಗಿರಣಿಯಲ್ಲಿದ್ದ. ಅಲ್ಲಿಂದ ತಂದದ್ದು ಎರಡೇ, ಒಂದು ಕೆಮ್ಮು, ಇನ್ನೊಂದು ಸಿನಿಮಾದ ಹುಚ್ಚು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕನ್ನಡ ಸಿನಿಮಾಕ್ಕೆ ಕರೆದೊಯ್ದ. ಕತ್ತಲಲ್ಲಿ ತುಟಿ ಕಾಣದು. ಅವನು ಕಿವಿಯ ಹತ್ತಿರ ಬಾಗಿ ಏನೋ ಕೇಳಿದ, ಅವಳು ಅಂದಾಜಿನಿಂದ ಹೌದೆಂದು ತಲೆ ಆಡಿಸಿದಳು. ಅವನು ಕೇಳಿದ್ದು ಬೇಸರವಾಯಿತೇ, ಮನೆಗೆ ಹೋಗೋಣವೇ ಎಂದು. ಮುಖ ಸಣ್ಣದು ಮಾಡಿಕೊಂಡು ಅರ್ಧಕ್ಕೇ ಎಬ್ಬಿಸಿಕೊಂಡು ಬಂದ. ಏನು ತಪ್ಪಾಯಿತೆಂದು ತಿಳಿಯದೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂದೆ ಅವನು ಕರೆದದ್ದು ಭಾನುವಾರದ ಇಂಗ್ಲಿಷ್ ಸಿನಿಮಾಕ್ಕೆ. ಹುಬ್ಬಳ್ಳಿಯಿಂದ ಕಡಿಮೆ ಬಾಡಿಗೆಗೆ ಬರುತ್ತಿದ್ದ, ಮೈತುಂಬ ಗೀರು ಬಿದ್ದ ರೀಲುಗಳು ಅವು. ಹೆಂಗಸರೆಂದರೆ ಅವಳೊಬ್ಬಳೇ, ಹಿಂದಿನ ಕುರ್ಚಿಯಲ್ಲಿ ಗಂಡನ ಪಕ್ಕದಲ್ಲಿ ಕೂತಳು. ದೀಪ ಆರಿತು. ಸ್ವಲ್ಪ ಹೊತ್ತಿಗೆ ಪರದೆಯ ಬೆಳಕಿನಲ್ಲಿ ನೋಡುತ್ತಾಳೆ, ಸುತ್ತ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ತಿರುವಿ ಏನಂದ, ಏನಂದ ಎಂದು ಕೇಳುತ್ತಿದ್ದಾರೆ. ಇಡೀ ಟಾಕೀಸಿನಲ್ಲಿ ಒಬ್ಬರಿಗೂ ಮಾತು ತಿಳಿಯುತ್ತಿಲ್ಲ! ಜ್ವರ ಬಂದು ಎದ್ದ ಮೇಲೆ ಮೊದಲ ಸಲ ಅವಳು ನಾಲ್ಕು ಮಂದಿಯ ನಡುವೆ ಸಮಾಧಾನದಿಂದ ಉಸಿರಾಡಿದಳು.

ಬರೀ ಸಮಾಧಾನ ಅಷ್ಟೇ ಅಲ್ಲ. ಆ ಹಳೆಯ ಸಿನಿಮಾದವರು ಮುಖವನ್ನು ಪರದೆಯ ತುಂಬ ತೋರಿಸುತ್ತಿದ್ದರು. ಬೆಳಕು ನೇರ ಕಣ್ಣಿನ ಮೇಲೆ ಬೀಳುತ್ತಿತ್ತು. ಹುಬ್ಬು ಕದಲಿದ್ದು, ಗಂಟಲಲ್ಲಿ ಉಗುಳು ಇಳಿದದ್ದು, ನಗುತ್ತಿದ್ದ ಹೆಂಗಸಿನ ಕೈ ಮೇಜಿನ ಕೆಳಗೆ ನಡುಗಿದ್ದು, ಎಲ್ಲ ಕಾಣುತ್ತಿತ್ತು. ಇವನ ಬಾಯಿ ಸುಳ್ಳು ಹೇಳುತ್ತಿದೆ, ಕಣ್ಣು ಖರೆ ಹೇಳುತ್ತಿದೆ ಎಂದು ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಮಧ್ಯಂತರದಲ್ಲಿ ಶಂಕ್ರಪ್ಪ ಕತೆ ಹೀಗಿರಬೇಕು, ಹಾಗಿರಬೇಕು ಎಂದು ತಲೆ ಕೆರೆಯುತ್ತಿದ್ದರೆ ಅವಳು ಆ ಟೊಪ್ಪಿಗೆಯವನೇ ಕಳ್ಳ, ಅವನ ತಮ್ಮನಿಗೆ ಇದು ಗೊತ್ತಿದೆ ಎಂದು ಬಿಡಿಸಿ ಹೇಳುತ್ತಿದ್ದಳು. ಕೊನೆಗೆ ಹಾಗೇ ಆಗುತ್ತಿತ್ತು. ಹೊರಗೆ ಚಹಾ ಮಾರುತ್ತಿದ್ದ ಶಾಬುದ್ದೀನ ಕೂಡ ಅವಳ ಬಾಯಿಂದಲೇ ಕತೆ ಕೇಳಿಕೊಳ್ಳುವನು. ನನ್ನ ಹೆಂಡತಿ ಭಾರಿ ಶಾಣೇಕಿ ಎಂದು ಶಂಕ್ರಪ್ಪ ಓಣಿ ತುಂಬ ಹೇಳಿಕೊಂಡು ತಿರುಗಿದ. ಹೊಸ ಸಿನಿಮಾಕ್ಕೆ ಯಾಕೆ ಹೋಗುವುದಿಲ್ಲವೆಂದು ಮುಂದೊಮ್ಮೆ ನಾನು ಕೇಳಿದ್ದಕ್ಕೆ ಅವಳು ಹೇಳಿದಳು: "ಹೊಸಾದ್ರಾಗ ಬೆನ್ನ ತೋರಿಸಿ ಮಾತಾಡ್ತಾರಕ್ಕ. ಹಳೇದ್ರಾಗ ಮಾರಿ ತೋರಿಸ್ತಾರ."

ಮರುವರ್ಷ ಅವಳು ಬಸುರಾದಳು. ಮನೆಗೆ ಸಂತೋಷ ಬಂತು, ಗುರುಲಿಂಗವ್ವನಿಗೆ ಸಂಶಯವೂ ಬಂತು. ಸೊಸೆಯನ್ನು ಜೋಪಾನ ಮಾಡಲು ಹಗಲೆಲ್ಲ ಹಿಂದೆ ಮುಂದೆ ಓಡಾಡಿದಾಗ ತಾನೇ ಗೊತ್ತಾಗುವುದು? ಹಿಂದಿನಿಂದ ಕರೆದು ನೋಡಿದಳು. ಬೇಕೆಂದೇ ಕೊಡ ಬೀಳಿಸಿದಳು. ಕೊಡ ಬಿದ್ದರೆ ನೆಲ ಅದುರುತ್ತದೆ, ಸಂಗವ್ವನ ಪಾದಕ್ಕೆ ಗೊತ್ತಾಗಿ ತಿರುಗಿದಳು. ಕರೆದದ್ದು ಪಾದಕ್ಕೆ ಹೇಗೆ ಗೊತ್ತಾಗಬೇಕು?

ಆ ಸಲದ ಅಮಾವಾಸ್ಯೆ ಭಾನುವಾರ ಬಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಿದ್ದ ಸಂಗವ್ವ ಪಡಸಾಲೆಯಲ್ಲಿ ಅತ್ತೆ ಮಗನಿಗೆ ಮೆಲ್ಲಗೆ ಹೇಳುತ್ತಿದ್ದುದನ್ನು ದೂರದಿಂದಲೇ ತುಟಿಯ ಮೇಲೆ ಓದಿದಳು. ಇವತ್ತು ಟಾಕೀಸಿನ ಕತ್ತಲಲ್ಲಿ ಅವಳನ್ನು ಏನಾದರೂ ಕೇಳಿ ನೋಡು. ಕಿವುಡಿ ಎಂಬುದು ಖರೆಯಾದರೆ ನಾಳೆಯೇ ಕಮತಗಿಗೆ ಆಳು ಅಟ್ಟಿ ಅವಳಪ್ಪನನ್ನು ಕರೆಸುತ್ತೇನೆ. ಹಡೆಯಲೆಂದು ಈಗಲೇ ತವರಿಗೆ ಹೋಗಲಿ. ಆಮೇಲೆ ಕರೆಯುವುದು, ಬಿಡುವುದು ನಮಗೆ ಬಿಟ್ಟದ್ದು.

ಹಾಗೆ ಹೋಗಿ ಕರೆ ಬಾರದೆ ತವರಿನಲ್ಲೇ ಮುದುಕಿಯರಾದವರನ್ನು ನಮ್ಮ ಕಡೆ ಊರಿಗಿಷ್ಟು ತೋರಿಸಬಹುದು. ಸಂಗವ್ವನ ಕೈಯ ರೊಟ್ಟಿ ಹರಿಯಿತು.

ಮೈ ಸರಿಯಿಲ್ಲ, ಸಿನಿಮಾ ಬೇಡ ಎನ್ನಬಹುದಿತ್ತು. ಅಂದರೆ ಸಂಶಯ ಇನ್ನೂ ಹೆಚ್ಚುತ್ತಿತ್ತು. ಹೋದಳು. ಗಂಡ ದಾರಿಯುದ್ದಕ್ಕೂ ತಲೆ ತಗ್ಗಿಸಿ ನಡೆದ. ಟಾಕೀಸಿನಲ್ಲಿ ದೀಪ ಆರಿದ ಮೇಲೆ ಅವಳು ಒಂದು ಕಣ್ಣು ಪರದೆಯ ಮೇಲೆ, ತುಟಿ ಕದಲೀತೇ ಎಂದು ಒಂದು ಕಣ್ಣು ಅವನ ಮೇಲೆ ಇಟ್ಟು ಕೂತಳು. ಅವನು ಏನೂ ಕೇಳಲಿಲ್ಲ. ಈಗ ಕೇಳುತ್ತಾನೆ, ಇನ್ನೇನು ಕೇಳುತ್ತಾನೆ ಎಂದು ಕಾದಳು.

ಆದರೆ ಸಿನಿಮಾ ಅವಳನ್ನು ಎಳೆದುಕೊಂಡಿತು. ಉದ್ದನೆಯ ಊಟದ ಮೇಜು, ಆ ತುದಿಗೆ ಗಂಡ, ಈ ತುದಿಗೆ ಹೆಂಡತಿ. ಅವಳ ಒಡವೆ ಎಲ್ಲಿ ಹೋಯಿತೆಂದು ಅವನು ಕೇಳುತ್ತಿದ್ದಾನೆ. ಅವಳು ಕೊರಳ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ, ಕಣ್ಣು ಮಾತ್ರ ಬಾಗಿಲಿನ ಕಡೆ. ಅಯ್ಯೋ, ಹೇಳಿಬಿಡು ಎಂದು ಸಂಗವ್ವನ ಕಣ್ಣಲ್ಲಿ ನೀರು ಇಳಿಯಿತು. ಇಷ್ಟರಲ್ಲಿ ಮುಂದಿನ ಸಾಲಿನವರೆಲ್ಲ ಪರದೆಗೆ ಬೆನ್ನು ತಿರುಗಿಸಿ ಎದ್ದು ನಿಂತಿರುವುದು ಕಂಡಿತು. ಎಲ್ಲರ ಬಾಯಿಯೂ ತೆರೆದಿತ್ತು, ಎಲ್ಲರೂ ಮೇಲಿನ ಮಷಿನ್ ರೂಮಿನ ಕಡೆ ಕೈ ಬೀಸುತ್ತಿದ್ದರು. ಸೌಂಡು ನಿಂತುಹೋಗಿತ್ತು, ಯಾವಾಗಲೋ ನಿಂತಿತ್ತು. ತಿಳಿಯದ ಇಂಗ್ಲಿಷೇ ಆಗಲಿ, ಕೇಳಿಸದೇ ಹೋದರೆ ನಮ್ಮ ಮಂದಿಗೆ ಮೋಸವಾದಂತೆ. ಇಡೀ ಟಾಕೀಸು ಸೌಂಡ್ ಸೌಂಡ್ ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಗ ಅವಳೊಬ್ಬಳೇ ಪರದೆ ನೋಡುತ್ತ ಅಳುತ್ತಿದ್ದಳು. ಪಕ್ಕಕ್ಕೆ ತಿರುಗಿದಳು. ಶಂಕ್ರಪ್ಪ ಪರದೆಯನ್ನೂ ನೋಡುತ್ತಿರಲಿಲ್ಲ, ಮಷಿನ್ ರೂಮನ್ನೂ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

ಮನೆಯವರೆಗೆ ಅವನು ತಿರುಗಿ ನೋಡದೆ ನಡೆದ. ಹಿಂದೆ ಒಂದು ಮಾರು ದೂರದಲ್ಲಿ ಅವಳು ನಡೆದಳು. ಮುಂದೆ ಹೋಗುತ್ತಿದ್ದ ಆ ಬೆನ್ನಿನಿಂದ ಏನನ್ನೂ ಓದಲಾಗಲಿಲ್ಲ. ತನ್ನ ಸೀರೆ ಯಾವುವು, ಅವರು ಕೊಟ್ಟದ್ದು ಯಾವುವು ಎಂದು ಮನಸ್ಸಿನಲ್ಲೇ ಬೇರೆ ಮಾಡಿದಳಂತೆ. ಇದನ್ನು ಹೇಳುವಾಗ ಅವಳು ನಕ್ಕಳು. ನನಗೆ ನಗಲಾಗಲಿಲ್ಲ.

ಗುರುಲಿಂಗವ್ವ ಕಾಯುತ್ತಲೇ ಇದ್ದಳು. ಮಗನನ್ನು ಮಗ್ಗದ ಕೋಣೆಗೆ ಕರೆದುಕೊಂಡು ಹೋದಳು. ಸಂಗವ್ವ ಅಂಗಳದಲ್ಲಿ ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತ ನಿಂತಳು. ತೆರೆದ ಬಾಗಿಲಲ್ಲಿ ಅತ್ತೆಯ ಬೆನ್ನು ಕಾಣುತ್ತಿತ್ತು, ಅದರಾಚೆ ಗಂಡನ ಮುಖ. ಅತ್ತೆ ಏನೋ ಕೇಳಿದಳು. ಅವನು ಹಣೆ ಒರೆಸಿಕೊಂಡ.

"ಕೇಳಸ್ತೈತಿ ಬೇ. ನಾ ಕೇಳಿದ್ದಕ್ಕೆಲ್ಲ ಜವಾಬು ಕೊಟ್ಟಳು."

ಬಾಯಿ ಇದನ್ನು ಹೇಳುತ್ತಿತ್ತು. ಕಣ್ಣು ಹೆದರಿತ್ತು. ಹೆಂಡತಿಗಾಗಿ ಹೆದರಿತ್ತು ಎಂಬುದು ಸಂಗವ್ವನಿಗೆ ಸ್ಪಷ್ಟವಾಗಿ ಕಂಡಿತು.

ಅಲ್ಲಿಗೆ ಬಿಟ್ಟಿದ್ದರೆ ಉಳಿದುಕೊಳ್ಳುತ್ತಿದ್ದಳು. ನಾನಾಗಿದ್ದರೆ ಬಿಡುತ್ತಿದ್ದೆ. ಆದರೆ ಪ್ರತಿ ಅಮಾವಾಸ್ಯೆಗೆ ತಾನೊಬ್ಬಳೇ ಹೆದರುತ್ತಿದ್ದವಳು ಇನ್ನು ಮೇಲೆ ಅವನನ್ನೂ ಹೆದರಿಸಬೇಕಲ್ಲ ಎಂದು ಅವಳಿಗೆ ಅನ್ನಿಸಿತು. ಒದ್ದೆ ಕಾಲಲ್ಲೇ ಒಳಗೆ ಹೋಗಿ ಅತ್ತೆಯ ಎದುರು ನಿಂತಳು.

"ಅತ್ತಿ, ಅವರು ಸುಳ್ಳ ಹೇಳಾಕತ್ತಾರ. ನನಗ ಕಿವಿ ಕೇಳ್ಸಂಗಿಲ್ಲ. ಲಗ್ನಕ್ಕಿಂತ ಮೊದಲಿಂದ ಕೇಳ್ಸಂಗಿಲ್ಲ."

ಶಂಕ್ರಪ್ಪ ಮಗ್ಗದ ಕಂಬ ಹಿಡಿದುಕೊಂಡ. ಗುರುಲಿಂಗವ್ವ ಸೊಸೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಹಂಗಾರ ಇಂವ ಏನಂದಾ ಅನ್ನೂದು ಅಂಗಳದಾಗ ನಿಂತಾಕಿಗಿ ಹೆಂಗ ಗೊತ್ತಾತು?"

"ಬಾಯಿ ನೋಡಿದ್ನಿ."

ಗುರುಲಿಂಗವ್ವ ಮಗ್ಗದ ಕುಣಿಯ ಅಂಚಿಗೆ ಕುಸಿದು ಕೂತಳು. ನಿಮ್ಮಪ್ಪ ಅವ್ವ ನಮ್ಮನ್ನು ಮೂರ್ಖರನ್ನಾಗಿ ಮಾಡಿದರು ಎಂದಳು. ಸಂಗವ್ವ ಹೌದೆಂದಳು. ಆಮೇಲೆ ಅತ್ತೆ ಸೊಸೆಯ ಹೊಟ್ಟೆಯ ಕಡೆ ನೋಡಿದಳು.

"ಕೂಸು ಅತ್ರ ನಿನಗ ಹೆಂಗ ಗೊತ್ತಾಗತೈತಿ?"

ತಿಂಗಳುಗಟ್ಟಲೆ ಸಂಗವ್ವನ ನಿದ್ದೆ ಕೆಡಿಸಿದ್ದು ಇದೊಂದೇ ಪ್ರಶ್ನೆ, ತವರಿಗೆ ಅಟ್ಟುವ ಭಯವೂ ಇದಕ್ಕಿಂತ ಚಿಕ್ಕದು. ಅದೇ ನನಗೂ ಅಂಜಿಕೆ ಎಂದು ಹೇಳಹೋಗಿ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅಳುವಾಗ ಕಣ್ಣು ಮಂಜಾಗಿ ಅತ್ತೆ ಏನೋ ಹೇಳಿದ್ದು ಕಾಣಲಿಲ್ಲ. ಗುರುಲಿಂಗವ್ವ ಎದ್ದು ಬಂದು, ತನ್ನ ಸೆರಗಿನಿಂದ ಅವಳ ಕಣ್ಣೊರೆಸಿ, ಗದ್ದ ಹಿಡಿದು ಮುಖ ಎತ್ತಿ, ಅದನ್ನೇ ಇನ್ನೊಮ್ಮೆ ಹೇಳಿದಳು.

"ಹಡದು ಲಗೂನ ಬಾ. ಕೂಸು ಅತ್ರ ನನಗ ಕೇಳಸ್ತೈತಿ."