ಖಡಕ್ ರೊಟ್ಟಿಯೂ ಅನುದಿನದ ಪ್ರಾರ್ಥನೆಯೂ

ಆಳಂದದ ನಮ್ಮ ಅಡುಗೆಮನೆಯಲ್ಲಿ, ದೇವರ ವಾಕ್ಯಗಳ ಕ್ಯಾಲೆಂಡರು ತೂಗುವ ಮೊಳೆಯ ಸರಿಯಾಗಿ ಕೆಳಗೆ, ಒಂದು ಬಿದಿರಿನ ಬುಟ್ಟಿಯಿದೆ. ಅದರ ತುಂಬ ಖಡಕ್ ರೊಟ್ಟಿ. ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ, ಜೋಳದ ಹಿಟ್ಟನ್ನು ಹಪ್ಪಳದಷ್ಟು ತೆಳ್ಳಗೆ ಬಡಿದು, ತೇವವೆಲ್ಲ ಆರುವವರೆಗೆ ಸುಟ್ಟು ಒಟ್ಟಿಟ್ಟರೆ ತಿಂಗಳಾದರೂ ಕೆಡದ ರೊಟ್ಟಿ ಅದು. ದಿನವೂ ಬೆಳಿಗ್ಗೆ ನಾನು ಆ ಬುಟ್ಟಿಯ ಎದುರಿಗೇ ಚಾಪೆ ಹಾಸಿ, ಕಣ್ಣು ಮುಚ್ಚಿ, ಇವತ್ತಿನ ಆಹಾರವನ್ನು ಇವತ್ತು ಕೊಡು ತಂದೆಯೇ ಎಂದು ಅತ್ಯಂತ ದೀನನಾಗಿ ಬೇಡುತ್ತಿದ್ದೆ. ತಿಂಗಳ ದಾಸ್ತಾನನ್ನು ಮುಂದಿಟ್ಟುಕೊಂಡು ಒಂದು ಹೊತ್ತಿನ ತುತ್ತಿಗೆ ಅರ್ಜಿ ಹಾಕುವವನನ್ನು ಕಂಡು ಪರಲೋಕದಲ್ಲಿ ಯಾರೂ ನಗಲಿಲ್ಲವೆಂದರೆ ಅಲ್ಲಿಯವರ ಸೌಜನ್ಯ ದೊಡ್ಡದೇ ಇರಬೇಕು.

ಚಿಂತೆ ನನಗೆ ಪಿತ್ರಾರ್ಜಿತವಾಗಿ ಬಂದ ಸ್ಥಿರಾಸ್ತಿ. ಜೇವರ್ಗಿಗೆ ಷಡ್ಡಕನ ಮಗಳ ಮದುವೆಗೆ ಹೋದಾಗಲೂ ಕೈಚೀಲದ ತಳದಲ್ಲಿ, ರೇಷ್ಮೆ ಶಲ್ಯದ ಕೆಳಗೆ, ನಾಲ್ಕು ರೊಟ್ಟಿ ಇಟ್ಟುಕೊಂಡು ಹೋದವನು ನಾನು. ವಿಪರ್ಯಾಸವೆಂದರೆ, ಪಾಸ್ಟರು ಊರಲ್ಲಿಲ್ಲದ ಭಾನುವಾರ ಪ್ರಸಂಗ ಮಾಡುವ ಸರದಿ ನನ್ನದಾಗಿರುತ್ತದೆ, ಮತ್ತು ನನ್ನ ಮೆಚ್ಚಿನ ವಿಷಯ ನಿಶ್ಚಿಂತೆ. ಬಿತ್ತದ, ಕೊಯ್ಯದ ಹಕ್ಕಿಗಳಿಗೂ ಉಣ್ಣಿಸುವವನೊಬ್ಬನಿದ್ದಾನೆಂದು ಸಭೆಗೆ ಸಾರಿ ಮನೆಗೆ ಬಂದು, ಮಾಳಿಗೆಯ ಮೇಲೆ ಒಣಹಾಕಿದ ಜೋಳಕ್ಕೆ ಎರಗಿದ ಅವೇ ಹಕ್ಕಿಗಳನ್ನು ಕೋಲು ಹಿಡಿದು ಓಡಿಸುತ್ತಿದ್ದೆ. ದೇವರು ಅವುಗಳಿಗೆ ಉಣ್ಣಿಸಲಿ, ಆದರೆ ಅತನೂರಿನಿಂದ ಬಂದ ನನ್ನ ಬಿಳಿಜೋಳವನ್ನೇ ಯಾಕೆ ಎಂಬುದು ನನ್ನ ಧರ್ಮಸೂಕ್ಷ್ಮ.

ಅತನೂರು ನನ್ನ ಹೆಂಡತಿ ಕರುಣಾಳ ತವರು. ಜೋಳ ಅಲ್ಲಿಯದು, ರೊಟ್ಟಿ ಬಡಿಯುವ ಕೈಯೂ ಅಲ್ಲಿಯದು. ಕಳೆದ ಚಳಿಗಾಲದಲ್ಲಿ ಆಕೆ ಬಚ್ಚಲಲ್ಲಿ ಜಾರಿಬಿದ್ದು ಅದೇ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಕಲಬುರಗಿಯ ಡಾಕ್ಟರು ಪ್ಲಾಸ್ಟರ್ ಹಾಕಿ, ಎಲುಬು ಕೂಡುತ್ತದೆ, ಆದರೆ ರೊಟ್ಟಿ ಬಡಿಯುವಷ್ಟು ಬಲ ಮರಳುತ್ತದೋ ಇಲ್ಲವೋ ಬಿಚ್ಚಿದ ಮೇಲೆ ನೋಡೋಣ ಎಂದರು. ಬಸ್ಸಿನಲ್ಲಿ ಆಕೆ ಕಿಟಕಿಯಾಚೆಯ ತೊಗರಿಹೊಲ ನೋಡುತ್ತ ಒಂದೇ ಮಾತಾಡಿದಳು. "ಕೈ ಹ್ವಾದ್ರ ನಾ ಏನು ಮಾಡ್ಲಿರಿ?" ನಿಶ್ಚಿಂತೆಯ ಪ್ರಸಂಗಕಾರನಾದ ನನಗೆ ಭಯವಾಗಿತ್ತು, ಮತ್ತು ಭಯವಾದಾಗಲೆಲ್ಲ ಮಾಡುವಂತೆ ಮನೆಗೆ ಬಂದವನೇ ಬುಟ್ಟಿಯೊಳಗೆ ಇಣುಕಿದೆ.

ಬುಟ್ಟಿ ಬೇಗನೆ ತಳ ಕಂಡಿತು. ಆದರೆ ಮರುದಿನ ಪಕ್ಕದ ಮನೆಯ ಗುರಮ್ಮ, ಹಣೆಯ ವಿಭೂತಿ ಅಳಿಯದಂತೆ ಬೆವರನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, ಬಟ್ಟೆ ಮುಚ್ಚಿದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಿಸಿ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಲೆ. ಅದರ ಮರುದಿನವೂ ಬಂದರು. ಅವರು ಬರದ ದಿನ ಸಭೆಯ ಯಾರೋ ಬಂದರು. ಹೀಗೆ ಪ್ರಾರ್ಥನೆಯಲ್ಲಿ ಬೇಡಿದ್ದು ಅಕ್ಷರಶಃ ನೆರವೇರತೊಡಗಿದಾಗ ನಾನು ಏನು ಮಾಡಿದೆನೆಂದು ಊಹಿಸಬಲ್ಲಿರಾ? ಎರಡು ತಿಂದು ಎರಡನ್ನು ಬುಟ್ಟಿಯಲ್ಲಿ ಅಡಗಿಸಿಟ್ಟೆ. ಮರುಭೂಮಿಯಲ್ಲಿ ಮುಗಿಲಿನಿಂದ ದೇವರು ಸುರಿಸಿದ ಮನ್ನವೆಂಬ ಆಹಾರವನ್ನು ಮರುದಿನಕ್ಕೆ ಕೂಡಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದ ಕಥೆಯನ್ನು ಭಾನುವಾರದ ಶಾಲೆಯಲ್ಲಿ ವರ್ಷಾನುಗಟ್ಟಲೆ ಹೇಳಿದವನು ನಾನೇ. ಬಿಸಿ ರೊಟ್ಟಿಯನ್ನು ಒಟ್ಟಿಟ್ಟರೆ ಅದು ಖಡಕ್ ಆಗುವುದಿಲ್ಲ, ಬೂಸ್ಟು ಹಿಡಿಯುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಚಿಂತೆಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗುರಮ್ಮ ತಾಟು ಇಡಲು ಜಾಗ ಮಾಡುತ್ತ ಬುಟ್ಟಿ ಸರಿಸಿದರು. ವಾಸನೆ ಬಂತು. ಮುಚ್ಚಳ ತೆಗೆದು ತಮ್ಮದೇ ರೊಟ್ಟಿಗಳು ಹಸಿರು ಗಡ್ಡ ಬಿಟ್ಟಿರುವುದನ್ನು ನೋಡಿದರು. ಕರುಣಾ ತಲೆ ತಗ್ಗಿಸಿದಳು. ಗುರಮ್ಮ ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು.

"ನಾಳಿ ನಾ ಬರೂದಿಲ್ಲಂತ ತಿಳ್ಕೊಂಡಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದರು.

ನನಗೆ ಆ ಪ್ರಶ್ನೆ ಬುಟ್ಟಿಯ ಮುಂದೆ ನಿಂತವರದ್ದು ಮಾತ್ರ ಅನ್ನಿಸಲಿಲ್ಲ. ನಾನು ಬುಟ್ಟಿಗೆ ಮುಚ್ಚಳ ಹಾಕುತ್ತಿದ್ದಂತೆ ಕರುಣಾ, ಬಿದ್ದಂದಿನಿಂದ ಮೊದಲ ಸಲ, ನಕ್ಕುಬಿಟ್ಟಳು. "ದೇವ್ರಿಗೇ ಹಿಂಗ್ ಮಾಡ್ತಾರ್ರಿ ಇವರು, ನಿಮ್ಮದೇನು ದೊಡ್ಡದು ತಗೀರಿ" ಎಂದಳು. ಬುಟ್ಟಿಯನ್ನು ಹೊರಗೊಯ್ದು ಬರಿದು ಮಾಡಿದೆ. ಗುರಮ್ಮ ಮರುದಿನವೂ ಬಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಎಷ್ಟೋ ದಿನ ಆಕೆಯ ಕೈ ಹಿಟ್ಟಿನ ಮುಂದೆ ಸೋತಿತು. ಕೊನೆಗೊಂದು ಬೆಳಿಗ್ಗೆ ಒಂದೇ ಒಂದು ರೊಟ್ಟಿ ಎದ್ದಿತು, ದಪ್ಪಗೆ, ಒಂದು ಕಡೆ ಹರಿದು. ಅದನ್ನು ಇಬ್ಬರೂ ಹಂಚಿಕೊಂಡು ತಿಂದೆವು. ನಾಳೆಗೆ ಎತ್ತಿಡಲು ಏನೂ ಇರಲಿಲ್ಲ, ನನಗೆ ಅದು ನೆನಪಾದದ್ದು ಕೈ ತೊಳೆದ ಮೇಲೆ.

ನಾನು ಸಂತನಾದೆನೆಂದು ತಿಳಿಯಬೇಡಿ. ಬುಟ್ಟಿ ಮತ್ತೆ ತುಂಬಿದೆ, ಹಕ್ಕಿಗಳಿಗೆ ಕೋಲೂ ತಪ್ಪಿಲ್ಲ. ಚಾಪೆಯನ್ನು ಮಾತ್ರ ಈಗ ಬುಟ್ಟಿಗೆ ಬೆನ್ನಾಗಿ, ಒಲೆಯ ಕಡೆಗೆ ಹಾಸುತ್ತೇನೆ. ಇವತ್ತಿನದನ್ನು ಇವತ್ತು ಕೊಡು ಎಂದು ನಾನು ಬೇಡುವಾಗ ಎದುರಿಗೆ ಆಕೆಯ ಕೈ ಪಟಪಟ ರೊಟ್ಟಿ ಬಡಿಯುತ್ತಿರುತ್ತದೆ. ನಡುವೆ ಆ ಸದ್ದು ನಿಂತರೆ ಒಂದು ಕಣ್ಣು ತೆರೆದು ನೋಡುತ್ತೇನೆ, ಅದು ಮತ್ತೆ ಶುರುವಾದ ಮೇಲೆಯೇ ಆಮೆನ್ ಅನ್ನುತ್ತೇನೆ.